ನೀರುಗಂಟಿ ಯಾರು?



ತಂತ್ರಜ್ಞಾನ ಬಂದರೆ ಸಮಾಜ ತಾನಾಗಿ ಮುಂದುವರಿಯುತ್ತದೆಯೇ? ಮೊಬೈಲು, ಕಂಪ್ಯೂಟರುಗಳನ್ನು ಮುಂದಿಟ್ಟು ಈ ಪ್ರಶ್ನೆ ಕೇಳುವುದು ರೂಢಿ. ನಾನು ಆರೂವರೆ ಇಂಚು ಅಗಲದ ಕೊಳವೆಬಾವಿಯನ್ನು ಮುಂದಿಟ್ಟು ಕೇಳುತ್ತೇನೆ.

1967ರ ಬರಗಾಲದ ಹೊತ್ತಿಗೆ ಯುನಿಸೆಫ್ ನೆರವಿನಿಂದ ಗಟ್ಟಿ ಬಂಡೆ ಕೊರೆಯುವ ರಿಗ್ಗುಗಳು ಭಾರತಕ್ಕೆ ಬಂದವು. ಎಪ್ಪತ್ತರ ದಶಕದ ಕೊನೆಗೆ ಇಂಡಿಯಾ ಮಾರ್ಕ್-2 ಕೈಪಂಪು ಬಂತು. ನಮ್ಮ ಜನ ಅದನ್ನು ಬೋರಿಂಗು ಎಂದರು. ಅಲ್ಲಿಯವರೆಗೆ ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುತ್ತಿದ್ದ ಎಷ್ಟೋ ಮಂದಿಗೆ, ಆ ನೀರು ಕುಡಿದರೆ ಅಂಟುವ ನಾರುಹುಣ್ಣು ತಪ್ಪುತ್ತಿರಲಿಲ್ಲ. ಬೋರಿಂಗು ಹಾಕಿದರು, ಬಟ್ಟೆಯಲ್ಲಿ ನೀರು ಸೋಸುವುದನ್ನು ಮನೆಮನೆಗೆ ಹೋಗಿ ಕಲಿಸಿದರು, ಒಂದೊಂದೇ ರೋಗಿಯನ್ನು ಹುಡುಕಿದರು. 1996ರಲ್ಲಿ ಕೊನೆಯ ರೋಗಿ ಕಂಡರು, 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ಇದು ನಿಜವಾದ ಪ್ರಗತಿ.

ಅದೇ ರಿಗ್ಗು ಕೋಲಾರ, ಚಿಕ್ಕಬಳ್ಳಾಪುರದ ಖಾಸಗಿ ಹೊಲಗಳಿಗೂ ಬಂತು. ಸದಾ ಹರಿಯುವ ನದಿಯಿಲ್ಲದ ಸೀಮೆ ಅದು, ಸಾವಿರಾರು ಕೆರೆಗಳನ್ನು ನಂಬಿ ಬದುಕಿದ್ದು. ಕೆರೆಗೆ ಒಂದು ತೂಬು, ತೂಬಿಗೆ ಒಬ್ಬ ನೀರುಗಂಟಿ. ಈ ಗದ್ದೆಗೆ ಎಷ್ಟು ಹೊತ್ತು, ಆ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಲೆಕ್ಕ. ಕೂಲಿ ಸುಗ್ಗಿಯಲ್ಲಿ ಕಣದಿಂದಲೇ ಸಿಗುತ್ತಿತ್ತು. ಹಳೆಯದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆ ನೀರುಗಂಟಿಗಳಲ್ಲಿ ಬಹುಪಾಲು ದಲಿತರು. ಊರಿಗೆಲ್ಲ ನೀರು ಹಂಚಿದವನಿಗೆ ಅಚ್ಚುಕಟ್ಟಿನಲ್ಲಿ ಒಳ್ಳೆಯ ಜಮೀನು ಇರುತ್ತಿದ್ದುದು ಅಪರೂಪ. ಆದರೂ ನೀರು ಹಂಚಿಕೊಳ್ಳಬೇಕಾದದ್ದು ಎಂಬ ಕಟ್ಟು ಅಲ್ಲಿತ್ತು. ಕೊಳವೆಬಾವಿಗೆ ಅಂಥ ಕಟ್ಟೇ ಇರಲಿಲ್ಲ. ದುಡ್ಡಿದ್ದವನು ಆಳಕ್ಕೆ ಕೊರೆಸಿದ, ಪಕ್ಕದ ಬಾವಿ ಬತ್ತಿತು. ತಂತಮ್ಮ ಕೊಳವೆಬಾವಿಯನ್ನು ನಂಬಿದ ಮೇಲೆ ಕೆರೆಯ ಹೂಳೆತ್ತಲು ಯಾರಿಗೂ ಮನಸ್ಸಿಲ್ಲದಾಯಿತು.

ರಿಗ್ಗು ರಾತ್ರಿಯಿಡೀ ಮೊರೆಯುತ್ತಿದ್ದ ಅಂಥ ಒಂದು ಹೊಲದಲ್ಲಿ ನಾನು ಒಮ್ಮೆ ನಿಂತಿದ್ದೆ. ಸಂಜೆ ಪೂಜೆ ಮಾಡಿ ಕಾಯಿ ಒಡೆದಿದ್ದರು. ಕಲ್ಲಿನ ಬಿಳಿ ಹುಡಿ ಎಲ್ಲರ ತಲೆಗೂದಲ ಮೇಲೆ ಕೂತಿತ್ತು. ಒಂದೊಂದು ರಾಡು ಇಳಿದಾಗಲೂ ಮನೆಯೊಡತಿ ಬೆರಳು ಮಡಿಸಿ ಎಣಿಸುತ್ತಿದ್ದಳು. ಅಡಿಗೆ ಇಷ್ಟು ಎಂದು ದರ, ಸಾಲಕ್ಕೆ ಅಡವಿಟ್ಟದ್ದು ಅವಳ ಒಡವೆ. ಸಾವಿರ ಅಡಿ ದಾಟಿದರೂ ಬಂದದ್ದು ಹುಡಿಯೇ. ಅಷ್ಟು ಆಳದಲ್ಲಿ ನೀರು ಸಿಕ್ಕವರ ಪಾಲಿಗೂ ಎಷ್ಟೋ ಕಡೆ ಅದರೊಂದಿಗೆ ಫ್ಲೋರೈಡ್ ಬಂತು, ಮಕ್ಕಳ ಹಲ್ಲು ಕಂದಿತು.

ಯಂತ್ರ ಒಂದೇ. ಒಂದು ಕಡೆ ಅದು ಊರಿನ ಸೊತ್ತಾಗಿ, ಆರೋಗ್ಯ ಕಾರ್ಯಕರ್ತರ ದುಡಿಮೆಯ ಜೊತೆ ಬಂತು. ಶತಮಾನಗಳ ರೋಗ ಹೋಯಿತು. ಇನ್ನೊಂದು ಕಡೆ ಹಣವಂತರ ಪೈಪೋಟಿಗೆ ಸಿಕ್ಕಿತು. ಎಲ್ಲರ ಅಂತರ್ಜಲವೂ ಬರಿದಾಯಿತು. ಕರ್ನಾಟಕದ ಅಂತರ್ಜಲ ಕಾನೂನು ಬಂದದ್ದು 2011ರಲ್ಲಿ. ಅಷ್ಟರೊಳಗೆ ಒಂದು ತಲೆಮಾರು ಸಾಲದಲ್ಲಿ ಮುಳುಗಿತ್ತು.

ಆದ್ದರಿಂದ ಯಂತ್ರ ಬೇಡ ಎಂದು ನಾನು ಹೇಳುವುದಿಲ್ಲ. ನಾರುಹುಣ್ಣಿನ ನೋವು ಬಲ್ಲವರು ಯಾರೂ ಹಾಗೆ ಹೇಳಲಾರರು. ಆದರೆ ಹಂಚುವ ಕಟ್ಟಿಲ್ಲದೆ ಬಂದ ಯಂತ್ರ ಇದ್ದವರ ಕೈಯನ್ನೇ ಉದ್ದ ಮಾಡುತ್ತದೆ. ನಾಳೆ ನಿಮ್ಮ ಊರಿಗೆ ಹೊಸದೊಂದು ತಂತ್ರಜ್ಞಾನ ಬಂದಾಗ ಅದರ ವೇಗ, ಬೆಲೆ ವಿಚಾರಿಸಿ. ಅದಕ್ಕೂ ಮೊದಲು ಇದಕ್ಕೆ ನೀರುಗಂಟಿ ಯಾರು ಎಂದು ಕೇಳಿ. ಈ ಸಲ ಅವನಿಗೂ ಗದ್ದೆಯಲ್ಲಿ ಪಾಲಿದೆಯೇ ಎಂದೂ ಕೇಳಿ.