ಜಾಹೀರಾತಿನ ಪಡಿಯಚ್ಚು, ಊರವರ ಪ್ರತಿಕ್ರಿಯೆ

ಮೂವತ್ತು ಸೆಕೆಂಡಿನ ಜಾಹೀರಾತಿಗೆ ಪಾತ್ರವನ್ನು ಬೆಳೆಸುವಷ್ಟು ವ್ಯವಧಾನವಿರುವುದಿಲ್ಲ. ಯಾವ ಕಡೆಯವರು ಎಂಬುದು ನೋಡಿದ ತಕ್ಷಣ ತಿಳಿಯಬೇಕು. ಹೀಗಾಗಿ ಹಿಂದಿ ಜಾಹೀರಾತಿನಲ್ಲಿ ದಕ್ಷಿಣದವನೆಂದರೆ ಹಣೆಗೆ ವಿಭೂತಿ, ಸೊಂಟಕ್ಕೆ ಪಂಚೆ, ಮಾತಿಗೊಮ್ಮೆ ‘ಅಯ್ಯೋ’. ಅವನು ಬಳ್ಳಾರಿಯವನೋ, ಮಧುರೆಯವನೋ, ತ್ರಿಶೂರಿನವನೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಈ ಅಚ್ಚು ಮೊದಲು ತಯಾರಾದದ್ದು ಸಿನಿಮಾದಲ್ಲಿ. 1968ರ ‘ಪಡೋಸನ್’ ಚಿತ್ರದಲ್ಲಿ ಮೆಹಮೂದ್ ಮಾಡಿದ ಸಂಗೀತ ಮೇಷ್ಟ್ರ ಪಾತ್ರ ಅದರ ಪ್ರಸಿದ್ಧ ಮಾದರಿ.

ಇಂಥ ಚಿತ್ರಣಕ್ಕೆ ಊರವರು ಸಿಟ್ಟಾಗುವುದು ನಗು ಬೇಡವೆಂದಲ್ಲ, ತಮ್ಮನ್ನು ಸರಿಯಾಗಿ ನೋಡದೆಯೇ ನಕ್ಕರು ಎಂದು. 2022ರ ಕೊನೆಯಲ್ಲಿ ಸ್ಪ್ರೈಟ್ ತಂಪುಪಾನೀಯದ ಬಂಗಾಳಿ ಜಾಹೀರಾತಿನ ವಿರುದ್ಧ ಕೋಲ್ಕತ್ತದಲ್ಲಿ ದೂರು ದಾಖಲಾಯಿತು. ನೇರ ಬೆರಳಿಗೆ ತುಪ್ಪ ಬಾರದಿದ್ದರೆ, ಅಂದರೆ ಸುಲಭದಲ್ಲಿ ಕೆಲಸವಾಗದಿದ್ದರೆ, ಬಂಗಾಳಿಗಳು ಹಸಿದೇ ಮಲಗುತ್ತಾರೆ ಎಂಬುದು ಅದರ ಹಾಸ್ಯ. ಆಕ್ಷೇಪವಿದ್ದದ್ದು ಹಿಂದಿ ಆವೃತ್ತಿಗಲ್ಲ, ಬಂಗಾಳಿಗೆ ಇಳಿಸುವಾಗ ಸೇರಿಕೊಂಡ ಈ ಮಾತಿಗೆ. 1943ರ ಕ್ಷಾಮವನ್ನು ಕಂಡ ನಾಡಿನಲ್ಲಿ ಹಸಿವಿನ ಮಾತು ಹಗುರವಾಗಿ ಕೇಳಿಸುವುದಿಲ್ಲ. ಕಂಪನಿ ವಿಷಾದ ವ್ಯಕ್ತಪಡಿಸಿತು.

ಕಾನೂನಿನ ಆಸರೆ ಇಲ್ಲಿ ತೆಳುವಾಗಿದೆ. 1994ರ ಕೇಬಲ್ ಟೆಲಿವಿಷನ್ ನಿಯಮಾವಳಿಯ 7ನೇ ನಿಯಮ ಜನಾಂಗ, ಜಾತಿ, ಬಣ್ಣ, ಮತ, ರಾಷ್ಟ್ರೀಯತೆಗಳನ್ನು ಹೀಗಳೆಯುವ ಜಾಹೀರಾತನ್ನು ತಡೆಯುತ್ತದೆ. ಆ ಸಾಲಿನಲ್ಲಿ ಪ್ರದೇಶ, ಭಾಷೆಗಳ ಹೆಸರಿಲ್ಲ. ಆದ್ದರಿಂದ ಅಸಮಾಧಾನ ಹೆಚ್ಚಾಗಿ ಸಾಮಾಜಿಕ ಜಾಲತಾಣದಲ್ಲೋ ಬೀದಿಯಲ್ಲೋ ಹೊರಬೀಳುತ್ತದೆ.

ಬೆಂಗಳೂರು 2021ರ ಏಪ್ರಿಲ್‌ನಲ್ಲಿ ಬೇರೆಯೇ ಬಗೆಯಲ್ಲಿ ಪ್ರತಿಕ್ರಿಯಿಸಿತು. ಕ್ರೆಡ್ ಕಂಪನಿಯ ಜಾಹೀರಾತಿನಲ್ಲಿ ಶಾಂತಮೂರ್ತಿ ರಾಹುಲ್ ದ್ರಾವಿಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಕೆರಳುತ್ತಾರೆ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆಯುತ್ತಾರೆ, ಕಾರಿನ ಮೇಲ್ಛಾವಣಿಯಿಂದ ಎದ್ದುನಿಂತು ತಾನು ಇಂದಿರಾನಗರದ ಗೂಂಡಾ ಎಂದು ಅಬ್ಬರಿಸುತ್ತಾರೆ. ಯಾರೂ ನೊಂದುಕೊಳ್ಳಲಿಲ್ಲ, ಊರು ಅದನ್ನು ತನ್ನದಾಗಿಸಿಕೊಂಡಿತು. ದೀಪಿಕಾ ಪಡುಕೋಣೆ ಬ್ಯಾಟು ಹಿಡಿದ ತಮ್ಮ ಬಾಲ್ಯದ ಫೋಟೊ ಹಾಕಿ ತಾವೂ ಇಂದಿರಾನಗರದ ಗೂಂಡಿ ಎಂದರು. ರಸ್ತೆಯಲ್ಲಿ ಗೂಂಡಾ ಇರುವುದರಿಂದ ಆ ಬಡಾವಣೆಗೆ ಊಟ ತಲುಪುವುದು ತಡವಾಗಬಹುದು ಎಂದು ಜೊಮ್ಯಾಟೊ ಪ್ರಕಟಿಸಿತು. ದ್ರಾವಿಡ್ ಅದೇ ಊರಿನಲ್ಲಿ ಬೆಳೆದವರು, ಟ್ರಾಫಿಕ್ ಎಲ್ಲರ ನಿತ್ಯದ ಗೋಳು. ಬಡಾವಣೆಯ ಹೆಸರೂ ಕರಾರುವಾಕ್ಕಾಗಿತ್ತು. ಆದರೂ ಒಂದು ಕೊರತೆ ಉಳಿಯುತ್ತದೆ: ಬೆಂಗಳೂರಿನ ರಸ್ತೆಯಲ್ಲಿ ಬೆಂಗಳೂರಿಗನ ಸಿಟ್ಟು ಹೊರಬಂದದ್ದು ಹಿಂದಿಯಲ್ಲಿ.

ಕನ್ನಡ ನೋಡುಗರ ಹಳೆಯ ದೂರು ಇದಕ್ಕೆ ಹತ್ತಿರದ್ದು. ಸಿನಿಮಾ, ಧಾರಾವಾಹಿಗಳ ಡಬ್ಬಿಂಗನ್ನು ದಶಕಗಳ ಕಾಲ ವಿರೋಧಿಸಿದ ಕರ್ನಾಟಕದಲ್ಲಿ ಜಾಹೀರಾತುಗಳು ಮಾತ್ರ ಡಬ್ ಆಗಿಯೇ ಬಂದವು. ಮೆಹಂದಿ, ಶೇರ್ವಾನಿ, ಕುದುರೆ ಮೆರವಣಿಗೆಯ ಉತ್ತರದ ಮದುವೆಮನೆ ತುಟಿಗೆ ಹೊಂದದ ಕನ್ನಡದಲ್ಲಿ ಮಾತಾಡುತ್ತದೆ. ಬಾಸಿಂಗವಾಗಲಿ ಧಾರೆಯಾಗಲಿ ಅಲ್ಲಿಲ್ಲ. ಗೇಲಿಗಿಂತ ಇಲ್ಲಿ ಹೆಚ್ಚು ಚುಚ್ಚುವುದು ಗೈರುಹಾಜರಿ.

ಅಚ್ಚು ಒತ್ತುವ ಅಭ್ಯಾಸ ಕನ್ನಡದೊಳಗೂ ಇದೆ, ಅದನ್ನು ಮುಚ್ಚಿಡಬಾರದು. ಧಾರವಾಡ ಕಡೆಯ ಮಾತು ತೆರೆಯ ಮೇಲೆ ಬಂದರೆ ಅದು ಬಹುಪಾಲು ನಗಿಸುವವನ ಪಾಲಿಗೆ. ಮಂಗಳೂರಿನವರೆಂದರೆ ‘ಮಾರಾಯ್ರೆ’, ಮಂಡ್ಯದವರೆಂದರೆ ಒರಟುತನ. ಉತ್ತರ ಕರ್ನಾಟಕದವರು ಇದನ್ನು ಅವಮಾನವೆಂದು ಹೇಳುತ್ತಲೇ ಬಂದಿದ್ದಾರೆ, ಅವರ ಮಾತು ನ್ಯಾಯವಾದದ್ದು. ಕಲಬುರಗಿಯ ಬ್ಯಾಂಕ್ ಮ್ಯಾನೇಜರ್ ತನ್ನೂರಿನ ಮಾತಿನಲ್ಲೇ ಗಂಭೀರವಾಗಿ ಸಾಲದ ಬಡ್ಡಿಯನ್ನು ವಿವರಿಸುವ ಜಾಹೀರಾತು ಇಂದಿಗೂ ಅಪರೂಪ.