ಆಪರೇಷನ್ ಆದಮೇಲಿನ ದಿನಗಳು
(ಕೋಡಿಹಳ್ಳಿಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮಾನ್ಯ ದಾನಿಗಳೆ, ವಿದ್ಯಾರ್ಥಿಗಳೆ, ಅವರ ತಂದೆತಾಯಿಯರೆ,

ವಿದ್ಯಾರ್ಥಿವೇತನದ ಅರ್ಜಿ ನೋಡುವಾಗ ನಾವು ಮನೆಯ ಆದಾಯದ ಜೊತೆಗೆ ಮನೆಯಲ್ಲಿರುವ ಕಾಯಿಲೆಯನ್ನೂ ಕೇಳುತ್ತೇವೆ. ದುಡಿಯುವವರು ಮನೆ ಹಿಡಿದು ಕೂತರೆ ಮಕ್ಕಳ ಓದಿಗೆ ಮೊದಲು ಪೆಟ್ಟು ಬೀಳುತ್ತದೆ. ಹಾಗೆ ಮನೆ ಹಿಡಿಸುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಒಂದು ತೊಂದರೆಯ ಬಗ್ಗೆ ಇಂದು ಮಾತನಾಡುತ್ತೇವೆ. ಗುದನಾಳದ ಕ್ಯಾನ್ಸರ್ ಆಪರೇಷನ್ ಆದಮೇಲೆ ಮಲ ಹಿಡಿತಕ್ಕೆ ಸಿಗದಿರುವುದೇ ಆ ತೊಂದರೆ.

ಗುದನಾಳ ಮಲವನ್ನು ತಡೆದಿಟ್ಟುಕೊಳ್ಳುವ ಜಾಗ. ಗಡ್ಡೆಯೊಂದಿಗೆ ಅದನ್ನು ತೆಗೆದು, ಮೇಲಿನ ಕರುಳನ್ನು ಕೆಳಗೆ ಜೋಡಿಸಿದಾಗ ಆ ಜಾಗ ಕಿರಿದಾಗುತ್ತದೆ. ರೇಡಿಯೇಷನ್ ಕೊಟ್ಟಿದ್ದರೆ ಕಷ್ಟ ಇನ್ನೂ ಹೆಚ್ಚು. ಮತ್ತೆಮತ್ತೆ ಹೋಗಬೇಕೆನಿಸುತ್ತದೆ, ತಡೆಯಲಾಗುವುದಿಲ್ಲ, ವಾಯುವೋ ಮಲವೋ ತಿಳಿಯುವುದಿಲ್ಲ. ‘ಕ್ಯಾನ್ಸರ್ ವಾಸಿಯಾಯಿತಲ್ಲ’ ಎಂದು ಮನೆಯವರು ಸಮಾಧಾನಪಡುತ್ತಾರೆ. ರೋಗಿ ಮಾತ್ರ ಬಸ್ಸು ಹತ್ತುವುದನ್ನೂ ಮದುವೆಗೆ, ಮಸೀದಿಗೆ ಹೋಗುವುದನ್ನೂ ಬಿಟ್ಟುಬಿಡುತ್ತಾರೆ.

ಇದಕ್ಕೆ ಚಿಕಿತ್ಸೆ ಇದೆ. ಮೊದಲ ಒಂದೆರಡು ವರ್ಷಗಳಲ್ಲಿ ಅನೇಕರಿಗೆ ಹಿಡಿತ ಸ್ವಲ್ಪಸ್ವಲ್ಪವಾಗಿ ಸುಧಾರಿಸುತ್ತದೆ. ಡಾಕ್ಟರು ಒಪ್ಪಿದ ಮೇಲೆ, ವಾಯು ತಡೆಯುವಂತೆ ಗುದದ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ದಿನವೂ ಮಾಡಬೇಕು. ಉಸಿರು ಕಟ್ಟಬಾರದು. ಮಲ ಗಟ್ಟಿಯಾಗಲು ಇಸಬಗೋಲ್, ಲೋಪೆರಮೈಡ್ ಮಾತ್ರೆ ಮುಂತಾದವನ್ನು ಡಾಕ್ಟರೇ ಅಳತೆ ಹೇಳಿ ಕೊಡುತ್ತಾರೆ. ಇಷ್ಟಕ್ಕೂ ಆಗದಿದ್ದರೆ ನೀರಿನಿಂದ ಕರುಳು ತೊಳೆಯುವ ವಿಧಾನವಿದೆ, ನರಕ್ಕೆ ಪ್ರಚೋದನೆ ಕೊಡುವ ಸಾಧನವೂ ಇದೆ. ಸ್ನಾಯುವನ್ನೇ ತೆಗೆಯಬೇಕಾದವರಿಗೆ ಹೊಟ್ಟೆಯ ಮೇಲಿನ ಚೀಲ ಕಾಯಂ. ಅದನ್ನು ಸರಿಯಾಗಿ ನೋಡಿಕೊಳ್ಳಲು ಕಲಿತವರು ಕೆಲಸಕ್ಕೂ ಹೋಗುತ್ತಾರೆ.

ನಮಾಜಿನ ಚಿಂತೆಯೂ ಬೇಡ. ನಿಲ್ಲದೆ ಸೋರುವ ತೊಂದರೆ ಇರುವವರನ್ನು ಹನಫಿ ಫಿಕ್ಹ್‌ನಲ್ಲಿ ಮಾಜೂರ್ ಎನ್ನುತ್ತಾರೆ. ಅಂಥವರು ಪ್ರತಿ ನಮಾಜಿನ ವೇಳೆಗೆ ಹೊಸದಾಗಿ ವಜೂ ಮಾಡಿದರೆ, ಆ ವೇಳೆ ಮುಗಿಯುವವರೆಗೆ ಅದೇ ತೊಂದರೆಯಿಂದ ವಜೂ ಮುರಿಯುವುದಿಲ್ಲ. ತಮಗೆ ಇದು ಅನ್ವಯಿಸುತ್ತದೆಯೇ ಎಂದು ಆಲಿಮ್ ಸಾಹೇಬರನ್ನು ಕೇಳಲು ನಾಚಬೇಡಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಿಂದ ಬಡವರ ಆಸರೆಯಾಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಆದರೆ ಆಪರೇಷನ್ ಬಿಲ್ಲಿಗೆ ಕೊಡುವಷ್ಟು ಸಲೀಸಾಗಿ ಆಮೇಲಿನ ಓಡಾಟಕ್ಕೆ, ಪ್ಯಾಡಿಗೆ, ಚೀಲಕ್ಕೆ ಯಾರೂ ಕೊಡುವುದಿಲ್ಲ. ದಾನಿಗಳೆ, ನಿಮ್ಮ ಸದಕಾದಲ್ಲಿ ಆ ದಿನಗಳಿಗೂ ಒಂದು ಪಾಲಿರಲಿ.

ತಂದೆತಾಯಿಯರೆ, ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ಸುಮ್ಮನಿರಬೇಡಿ, ತೋರಿಸಿ. ಮನೆಯಲ್ಲಿ ಈ ಕಷ್ಟ ಇದ್ದರೆ ಅರ್ಜಿಯಲ್ಲಿ ಬರೆಯಿರಿ. ಕಾಯಿಲೆಯ ಹೆಸರನ್ನು ನಾವು ಯಾವ ಸಭೆಯಲ್ಲೂ ಓದುವುದಿಲ್ಲ. ಮಕ್ಕಳ ಓದು ಮಾತ್ರ ನಿಲ್ಲಬಾರದು.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ಆಮೀನ್.