ಕೊಟ್ಟಿಗೆಯಾಚೆ ಎರಡು ಜೇನುಪೆಟ್ಟಿಗೆ
(ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಹಸು ಸಾಕಿ ಗೊತ್ತಿರುವವರಿಗೆ ಜೇನು ಸಾಕುವುದು ಕಷ್ಟವಲ್ಲ. ಎರಡಕ್ಕೂ ಬೇಕಾದದ್ದು ತಪ್ಪದೆ ಕಣ್ಣಿಟ್ಟು ನೋಡುವ ಅಭ್ಯಾಸ. ಪೆಟ್ಟಿಗೆ ತಂದಿಟ್ಟರೆ ಸಾಕು, ಜೇನು ತಾನಾಗಿ ತುಂಬುತ್ತದೆ ಎಂದು ನಂಬಿದವರು ಮಾತ್ರ ನಷ್ಟಕ್ಕೆ ಸಿಕ್ಕುತ್ತಾರೆ.

ನಮ್ಮ ಕರಾವಳಿ, ಮಲೆನಾಡಿನ ತೋಟಗಳಿಗೆ ಒಗ್ಗುವುದು ತುಡುವೆ ಜೇನು. ಹೆಜ್ಜೇನು, ಕೋಲ್ಜೇನುಗಳನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಮಳೆ ಮುಗಿದ ಮೇಲೆ, ಅಕ್ಟೋಬರ್-ನವೆಂಬರ್‌ನಲ್ಲಿ, ಎರಡೇ ಪೆಟ್ಟಿಗೆಯಿಂದ ಆರಂಭಿಸಿರಿ. ಒಂದೇ ಇದ್ದರೆ ಹೋಲಿಸಿ ನೋಡಲು ಆಗುವುದಿಲ್ಲ. ಹತ್ತು ಪೆಟ್ಟಿಗೆಗೆ ಸಾಲ ಮಾಡುವುದು ಮೊದಲ ವರ್ಷ ಬೇಡ.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಹತ್ತಿರದಲ್ಲೇ ನೀರು ಇರುವ ಜಾಗ ಆರಿಸಿರಿ. ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲಿಟ್ಟು, ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತದು. ಕೊಟ್ಟಿಗೆಯ ಪಕ್ಕದಲ್ಲಿ ಮಾತ್ರ ಇಡಬೇಡಿರಿ. ನೊಣ ಕೆರಳಿದರೆ ನಾವು ಓಡಬಹುದು. ಹಗ್ಗದಲ್ಲಿ ಕಟ್ಟಿದ ಹಸು ಎಲ್ಲಿಗೆ ಓಡೀತು? ಪೆಟ್ಟಿಗೆ ತೆರೆಯುವ ದಿನ ದನಗಳನ್ನು ದೂರ ಕಟ್ಟಿರಿ. ಉಣುಗಿಗೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಔಷಧಿಗಳು ಜೇನಿಗೆ ಕಡುವಿಷ ಎಂಬುದೂ ನೆನಪಿರಲಿ. ಪಶುವೈದ್ಯರ ಸಲಹೆಯಂತೆ ಅವನ್ನು ಬಳಸಲೇಬೇಕಾದಾಗ, ನೊಣಗಳು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಿ ಬಳಸಿರಿ. ತೊಳೆದ ನೀರು ಹೊರಗೆ ನಿಲ್ಲದಿರಲಿ. ತೋಟಕ್ಕೆ ಕೀಟನಾಶಕ ಹೊಡೆಯುವಾಗಲೂ ಇದೇ ಕ್ರಮ. ಹೂಬಿಟ್ಟ ಗಿಡಕ್ಕೆ ಹೊಡೆಯಬೇಡಿರಿ.

ವಾರಕ್ಕೊಮ್ಮೆ, ಬಿಸಿಲಿರುವಾಗ, ಮುಖಪರದೆ ಹಾಕಿ, ತುಸು ಹೊಗೆ ಕೊಟ್ಟು ಸಂಸಾರ ಕೋಣೆಯನ್ನು ನೋಡಿರಿ. ರಾಣಿಯೇ ಕಣ್ಣಿಗೆ ಬೀಳಬೇಕೆಂದಿಲ್ಲ. ಕಣಗಳಲ್ಲಿ ಹೊಸ ಮೊಟ್ಟೆ ಇದ್ದರೆ ರಾಣಿ ಇದ್ದಾಳೆ ಎಂದು ತಿಳಿಯಿರಿ. ಎರಿಯ ಕೆಳಅಂಚಿನಲ್ಲಿ ರಾಣಿ ಕಣ ಕಂಡರೆ ಕುಟುಂಬ ಪಾಲಾಗುವ ಸಿದ್ಧತೆಯಲ್ಲಿದೆ. ತಳಹಲಗೆ ಗುಡಿಸಿಡಿರಿ. ನೊಣ ಮುಚ್ಚದ ಹಳೆಯ ಎರಿಗಳನ್ನು ತೆಗೆದುಬಿಡಿರಿ. ಇಲ್ಲವಾದರೆ ಮೇಣದ ಹುಳು ಸೇರುತ್ತದೆ.

ಎಲ್ಲಕ್ಕಿಂತ ಭಯಪಡಬೇಕಾದದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1991-92ರಲ್ಲಿ ಇದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಎಷ್ಟೋ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ರೋಗ ತಗುಲಿದ ಮರಿಹುಳು ಕಣದಲ್ಲಿ ನೀಳವಾಗಿ ಮಲಗಿ, ತಲೆ ಮೇಲಾಗಿ ಸಾಯುತ್ತದೆ. ಎತ್ತಿದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಆದ್ದರಿಂದ ರೋಗದ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಬೇಡಿರಿ. ಅದರ ಜೇನನ್ನು ಬೇರೆ ಕುಟುಂಬಕ್ಕೆ ಉಣಿಸಬೇಡಿರಿ. ಉಪಕರಣ ಮತ್ತು ಕೈಗಳನ್ನು ತೊಳೆಯದೆ ಮತ್ತೊಂದು ಪೆಟ್ಟಿಗೆ ಮುಟ್ಟಬೇಡಿರಿ. ಕೆಚ್ಚಲು ಬಾವು ಬಂದ ಹಸುವನ್ನು ಕೊನೆಗೆ ಕರೆಯುವಂತೆ, ರೋಗದ ಪೆಟ್ಟಿಗೆಯನ್ನು ಕೊನೆಗೆ ತೆರೆಯಿರಿ. ಕುಟುಂಬ ಹೆಚ್ಚಿಸುವಾಗ ರೋಗ ಬಂದ ಊರಿನಲ್ಲೂ ಗಟ್ಟಿಯಾಗಿ ಉಳಿದ ಕುಟುಂಬದಿಂದಲೇ ಪಾಲು ಮಾಡಿರಿ.

ಮಳೆಗಾಲದಲ್ಲಿ ಹೂವಿಲ್ಲ. ಹಾಲು ಬತ್ತಿದ ಹಸುವಿಗೆ ಹಿಂಡಿ ನಿಲ್ಲಿಸುತ್ತೇವೆಯೇ? ಹಾಗೆಯೇ ಇಲ್ಲಿ ಸಕ್ಕರೆ ಪಾನಕ ಕೊಡಬೇಕು. 1 ಕಿಲೋ ಸಕ್ಕರೆಗೆ 1 ಲೀಟರ್ ನೀರು ಸೇರಿಸಿ ಕಾಯಿಸಿ, ಆರಿಸಿ, ಸಂಜೆ ಪೆಟ್ಟಿಗೆಯ ಒಳಗೇ ಇಡಿರಿ. ಹೊರಗೆ ಚೆಲ್ಲಿದರೆ ಬೇರೆ ಕುಟುಂಬದ ನೊಣಗಳು ಕೊಳ್ಳೆಗೆ ಬರುತ್ತವೆ. ಜೇನು ಕೋಣೆಗೆ ಜೇನು ಬರುವ ಕಾಲದಲ್ಲಿ ಪಾನಕ ಕೊಡಬೇಡಿರಿ. ಅದು ಹಾಲಿಗೆ ನೀರು ಬೆರೆಸಿದಷ್ಟೇ ತಪ್ಪು.

ಜನವರಿಯಿಂದ ರಬ್ಬರ್ ಚಿಗುರು, ಕಾಡುಹೂಗಳಿಂದ ಜೇನಿನ ಸುಗ್ಗಿ. ಎರಿಯ ಮುಕ್ಕಾಲು ಪಾಲು ಮೇಣದಿಂದ ಮುಚ್ಚಿದ ಮೇಲೆ ಜೇನು ಕೋಣೆಯಿಂದ ಮಾತ್ರ, ಯಂತ್ರದಲ್ಲಿ ತಿರುಗಿಸಿ ತೆಗೆಯಿರಿ. ಸಂಸಾರ ಕೋಣೆಯದು ಕರುವಿನ ಪಾಲು, ಅದನ್ನು ಮುಟ್ಟಬಾರದು. ಚೆನ್ನಾಗಿ ನೋಡಿಕೊಂಡರೆ ಒಂದು ಕುಟುಂಬದಿಂದ ವರ್ಷಕ್ಕೆ 5ರಿಂದ 10 ಕಿಲೋ ಜೇನು ನಿರೀಕ್ಷಿಸಬಹುದು. ತೆಂಗು, ತರಕಾರಿಗಳ ಪರಾಗಸ್ಪರ್ಶದ ಲಾಭ ಬೇರೆಯೇ.

ಪೆಟ್ಟಿಗೆ ಕೊಳ್ಳುವ ಮೊದಲು ತೋಟಗಾರಿಕೆ ಇಲಾಖೆಯಲ್ಲಿ ತರಬೇತಿ ಕೇಳಿರಿ; ಊರಿನ ಹಳೆಯ ಜೇನು ಕೃಷಿಕರೊಬ್ಬರ ಜೊತೆ ನಾಲ್ಕು ಬಾರಿ ಪೆಟ್ಟಿಗೆ ತೆರೆದು ನೋಡಿರಿ. ಕೈ ಪಳಗಿದ ಮೇಲೆ ಹಣ ಹಾಕಿರಿ.